ನೂರಕ್ಕೊಂದು ಗಂಟೆ

ಡಾಕ್ಟರ್ ಗವೀನಾ ಸಾಲಾರಿಸ್ ಅವರ ಕೊನೆಯ ವಾರ.
ಕಾಲ್ಯಾರಿಯ ಆಸ್ಪತ್ರೆ, ಮೂರನೇ ಮಹಡಿ.
ಕಿಟಕಿಯಾಚೆ ಉಪ್ಪುನೀರಲ್ಲಿ ಒಂಟಿಗಾಲಿನ ಫ್ಲೆಮಿಂಗೊಗಳು
ಗುಲಾಬಿ ಬಣ್ಣ ಹಚ್ಚಿ ಒಣಗಲಿಟ್ಟ ಸ್ಲೈಡಿನ ಹಾಗೆ.

ವಿಶ್ವವಿದ್ಯಾಲಯದಿಂದ ಫಾರಂ ಬಂದಿದೆ.
ಗೌರವ ಪ್ರಾಧ್ಯಾಪಕಿ ಆಗಬೇಕಂತೆ:
ಒಟ್ಟು ಲೇಖನ ಎಷ್ಟು, ಒಟ್ಟು ಉಲ್ಲೇಖ ಎಷ್ಟು,
ಎಚ್ ಸೂಚ್ಯಂಕ ಎಷ್ಟು.
‘ನೀನೇ ತುಂಬಪ್ಪಾ ಎಫಿಸಿಯೊ,
ಬಿಳಿ ಕೆಂಪು ಬಿಟ್ಟರೆ ನನಗೆ ಬೇರೆ ಎಣಿಕೆ ಬರದು.’

ನಾನು ತಂತ್ರಜ್ಞ. ಮೂವತ್ತೊಂದು ವರ್ಷ
ಗಾಜಿನ ಮೇಲೆ ನೆತ್ತರು ಸವರಿದವನು.
ಮೊದಲ ದಿನವೇ ಕಲಿಸಿದ್ದರು:
ಈ ಪೆಟ್ಟಿಗೆಗೆ ಎಂಟು ಗುಂಡಿ,
ಒಂದೊಂದು ಬಿಳಿಕಣಕ್ಕೆ ಒಂದೊಂದು ಒತ್ತು,
ನೂರಾದರೆ ತಾನೇ ಗಂಟೆ ಹೊಡೆಯುತ್ತದೆ.
ನಡುವೆ ಎಳೆ ಕೆಂಪುಕಣ ಕಂಡರೆ
(ಮಜ್ಜೆಯ ಮನೆಯಲ್ಲಿರಬೇಕಾದ್ದು, ಹಡೆಯುವ ಮೊದಲೇ ಬೀದಿಗೆ ಬಂದದ್ದು)
ಗುಂಡಿ ಒತ್ತಬೇಡ. ಅದು ನೂರರಲ್ಲಿ ಸೇರದು.
ಆಟಕ್ಕುಂಟು, ಲೆಕ್ಕಕ್ಕಿಲ್ಲ.
ಕಾಗದದ ಅಂಚಲ್ಲಿ ಬರೆದಿಡು.
ರೋಗ ಇರುವುದು ಅಂಚಿನಲ್ಲೇ.

ಕಂಪ್ಯೂಟರ್ ತೆರೆದೆ.
ಎಲ್ಲಕ್ಕಿಂತ ಮೇಲೆ ಎರಡೇ ಪುಟದ ಟಿಪ್ಪಣಿ.
ಒಂದು ಆಗಸ್ಟಿನಲ್ಲಿ ಫ್ರಿಜ್ ಕೆಟ್ಟು
ಬಣ್ಣದ ದ್ರಾವಣ ಹಳಸಿದಾಗ
ಅದನ್ನೇ ಹೇಗೋ ಬಳಸಿದ ಬಗೆ.
ಎರಡು ಸಾವಿರದ ಮುನ್ನೂರಾ ಆರು ಉಲ್ಲೇಖ.
‘ಫ್ರಿಜ್ಜಿನ ಹೆಸರೂ ಹಾಕಬೇಕಿತ್ತು,’ ಅಂತ ನಕ್ಕರು.

ಎರಡನೆಯದು ಅವರು ತಪ್ಪಿದ್ದು.
ನಾನೂರು ಮಂದಿ ಸಾಲುಗಟ್ಟಿ ಬರೆದಿದ್ದಾರೆ:
ಸಾಲಾರಿಸ್ ಹೇಳಿದ್ದಕ್ಕೆ ವಿರುದ್ಧವಾಗಿ.
ಯಂತ್ರಕ್ಕೇನು, ಬೈದರೂ ಒಂದು, ಹೊಗಳಿದರೂ ಒಂದು.
‘ಸರಿಯಾಗಿಯೇ ಬೈದಿದ್ದಾರೆ. ಸೇರಿಸು.’

ಆಮೇಲೆ ಸಿಕ್ಕಿದಳು ಸಾಲಾರಿಯಸ್.
ಯಾರೋ ಒಬ್ಬ ಒಂದಕ್ಷರ ಹೆಚ್ಚು ಬರೆದ,
ಓದದೆ ಇಳಿಸಿಕೊಂಡವರು ಅದನ್ನೇ ಇಳಿಸಿಕೊಂಡರು,
ನೂರಾ ಹನ್ನೆರಡು ಉಲ್ಲೇಖ ಅವಳ ಪಾಲಿಗೆ.
ಹುಟ್ಟದೇ ಇದ್ದ ಆ ಹೆಂಗಸಿಗೂ
ಒಂದು ಸೂಚ್ಯಂಕ ಇದೆ: ಆರು.
ನಮ್ಮವರದು ನಲವತ್ತೊಂದು.

ಪಟ್ಟಿಯ ತಳ ಮುಟ್ಟಲು ಸಂಜೆಯಾಯಿತು.
ಎಲ್ಲಕ್ಕಿಂತ ಕೆಳಗೆ, ಸಾವಿರದ ಒಂಬೈನೂರ ಎಂಬತ್ತೆಂಟು,
ಮುಚ್ಚಿಹೋದ ಜಿಲ್ಲಾ ವೈದ್ಯರ ಪತ್ರಿಕೆಯೊಂದರಲ್ಲಿ
ಸಿನಿಸ್ ಕಡೆಯ ಒಂದು ಹಳ್ಳಿ, ಅರವತ್ತನಾಲ್ಕು ಮನೆ,
ಮನೆಮನೆಗೆ ಸೈಕಲ್ಲಿನಲ್ಲಿ ಹೋಗಿ ತೆಗೆದ ರಕ್ತ.
ಉಲ್ಲೇಖ: ಸೊನ್ನೆ.

ಆ ಲೇಖನ ನನಗೆ ಬಾಯಿಪಾಠ.
ಕೋಷ್ಟಕ ಎರಡು, ಸಾಲು ಹನ್ನೊಂದು:
ತಂದೆ ವಾಹಕ. ತಾಯಿ ವಾಹಕ.
ಮಕ್ಕಳು ಮೂರು. ಬದುಕಿರುವುದು ಎರಡು.
ಮೂರನೆಯದರ ಮುಂದೆ ಒಂದು ಅಡ್ಡಗೆರೆ.
ಆ ಅಡ್ಡಗೆರೆಗೆ ಎರಡು ಜಡೆ ಇತ್ತು,
ಮೀನಿನ ಮುಳ್ಳೆಂದರೆ ಅಳುತ್ತಿತ್ತು,
ಗುಲ್ಮ ಊದಿದ ಹೊಟ್ಟೆಯ ಮೇಲೆ
ಬಟಾಣಿ ಬಿಡಿಸಿ ರಾಶಿ ಹಾಕಿಕೊಳ್ಳುತ್ತಿತ್ತು.

ಆ ಪುಟ ಹಿಡಿದುಕೊಂಡೇ ನಮ್ಮೂರ ಪಾದ್ರಿ
ಮದುವೆಗೆ ದಿನ ಕೇಳಬಂದವರನ್ನೆಲ್ಲ
ಮೊದಲು ಬಸ್ ಹತ್ತಿಸಿ ಇಲ್ಲಿಗೆ ಕಳಿಸುತ್ತಿದ್ದ.
ನಾನೂ ಹಾಗೇ ಬಂದವನು, ಅಸ್ಸುಂತಾಳ ಜೊತೆ.
ಅವಳ ರಕ್ತದಲ್ಲಿ ದೋಷವಿರಲಿಲ್ಲ.
ಕುಣಿದುಕೊಂಡು ಹೊರಟವನನ್ನು ಕರೆದು ಡಾಕ್ಟರ್ ಕೇಳಿದರು:
‘ಕೈ ನಡುಗುವುದಿಲ್ಲವಲ್ಲ? ಕೆಲಸ ಬೇಕೇನು?’

ಇದನ್ನು ಯಾವ ಅಡಿಟಿಪ್ಪಣಿಗೆ ಹಾಕಲಿ.
ಫಾರಂ ಪರದೆಯ ಮೇಲಿತ್ತು. ಅದಕ್ಕೆ ಅಂಚಿರಲಿಲ್ಲ.
ಅಂಕೆ ಬಿಟ್ಟರೆ ಏನೂ ಬರೆಯಲು ಬಿಡದ ಚೌಕಗಳು.
ಸೊನ್ನೆ ಕಳೆದರೂ ಮೊತ್ತ ಅಷ್ಟೇ,
ಕೂಡಿದರೂ ಅಷ್ಟೇ. ಆದರೂ ಕೂಡಿದೆ,
ಎರಡು ಸಲ.

ಕಳಿಸುವ ಗುಂಡಿಗೆ ಬೆರಳಿಟ್ಟಿದ್ದೆ,
ಮಕ್ಕಳ ವಾರ್ಡಿನಿಂದ ಒಂದು ಟ್ಯೂಬು ಬಂತು.
ಇನ್ನೂ ಬೆಚ್ಚಗಿತ್ತು. ಸವರಿದೆ, ಒಣಗಿಸಿದೆ, ಬಣ್ಣ ಹಾಕಿದೆ.
ಡಾಕ್ಟರ್ ಕನ್ನಡಕ ಹಣೆಗೇರಿಸಿ ಬಗ್ಗಿದರು.
ಟಿಕ್, ಟಿಕ್, ಟಿಕ್ಕಿಟಿಕ್.
ಅರವತ್ತೇಳರ ಬೆರಳು, ಇನ್ನೂ ಗುಂಡಿ ತಪ್ಪುವುದಿಲ್ಲ.

ಗಂಟೆ ಹೊಡೆಯಿತು.
ಅವರು ತಲೆ ಎತ್ತಲಿಲ್ಲ.
‘ಏಳು,’ ಅಂದರು.
ಅಂಚಿನಲ್ಲಿ ಬರೆದುಕೊಂಡೆ.