ಎರಡನೇ ಶನಿವಾರ, ಮುತ್ಯಾಲಮಡುವು

ಆರೂವರೆ ಅಂದರೆ ಏಳೂಕಾಲು, ನಮ್ಮ ಸಭೆಯ ಗಡಿಯಾರದಲ್ಲಿ.
ಲಿಂಗರಾಜಪುರದ ಗೇಟಿನ ಮುಂದೆ ಬಾಡಿಗೆ ವ್ಯಾನು ಗುರುಗುಟ್ಟುತ್ತಿತ್ತು.
ಅಯ್ಯನವರು ಬಾನೆಟ್ಟಿನ ಮೇಲೆ ಕೈಯಿಟ್ಟು
ಹೋಗುವಾಗಲೂ ಬರುವಾಗಲೂ ಕಾಯಪ್ಪಾ ಎಂದು ಪ್ರಾರ್ಥಿಸಿದರು.
ಆಮೆನ್ ಮುಗಿಯುವುದನ್ನೇ ಕಾದಿದ್ದ ಡ್ರೈವರ್ ನಂಜುಂಡ
ನಾಲ್ಕು ಚಕ್ರದಡಿಗೂ ನಾಲ್ಕು ನಿಂಬೆಹಣ್ಣು ಇಟ್ಟು
ಗಾಡಿ ಹರಿಸಿದ.
ಯಾರೂ ಏನೂ ಅನ್ನಲಿಲ್ಲ.
ಹೊಸೂರು ರಸ್ತೆಯ ಲಾರಿಗಳಿಗೆ ಎರಡೂ ಇರಲಿ.

ಅಯ್ಯನವರನ್ನು ಬಿಳಿ ನಿಲುವಂಗಿ ಇಲ್ಲದೆ ಕಂಡದ್ದು
ನಾನು ಅದೇ ಮೊದಲು.
ಮೊಣಕಾಲುದ್ದದ ಚಡ್ಡಿ, ತಲೆಗೆ ಸಿಮೆಂಟ್ ಕಂಪನಿಯ ಟೋಪಿ,
ಮೀನಖಂಡದಲ್ಲೊಂದು ಹಳೇ ಗಾಯ.
ನಾಯಿ ಕಚ್ಚಿತ್ತಂತೆ, ಏಳನೇ ಕ್ಲಾಸಿನಲ್ಲಿ.
ಹನ್ನೊಂದು ವರ್ಷ ಪ್ರಸಂಗ ಕೇಳಿಯೂ ಗೊತ್ತಿರಲಿಲ್ಲ.

ಇಪ್ಪತ್ತಮೂರು ಜನ, ಇಪ್ಪತ್ತೊಂದು ಸೀಟು.
ಮಕ್ಕಳನ್ನು ತೊಡೆಗೇರಿಸಿ, ಬಿರಿಯಾನಿ ಡಬರಿಯನ್ನು
ನಡುದಾರಿಯಲ್ಲಿ ಕೂರಿಸಿ ಲೆಕ್ಕ ಹೊಂದಿಸಿದಾಗ
ಹಿಂದಿನ ಬೆಂಚಿನಲ್ಲಿ ಉಳಿದದ್ದು ಎರಡು ಜಾಗ,
ಇನ್ನೂ ನಿಂತಿದ್ದವರು ಇಬ್ಬರು:
ಜ್ಞಾನಮಿತ್ರ ಮಾವ, ಧನಶೇಖರ್ ಅಂಕಲ್.

ಇವರ ನಡುವೆ ಮಾತು ನಿಂತು ನಾಲ್ಕು ವರ್ಷ.
ದೇವಾಲಯದ ಅಂಗಳದ ಹಲಸಿನ ಮರವನ್ನು
ಪಾರ್ಕಿಂಗಿಗೆ ಕಡಿಯಲೇಬೇಕು ಎಂದವರು ಅಂಕಲ್.
ನನ್ನ ಮದುವೆ ಊಟ ಬಡಿಸಿದ್ದು ಅದರ ನೆರಳಲ್ಲಿ ಎಂದವರು ಮಾವ.
ಮರ ಹೋಯಿತು. ಈಗ ಅಲ್ಲಿ ಏಳು ಕಾರು ನಿಲ್ಲುತ್ತವೆ.
ಇಬ್ಬರ ಹತ್ತಿರವೂ ಕಾರಿಲ್ಲ.

ಕೂತರು. ಒಬ್ಬರು ಕಿಟಕಿ ನೋಡಿದರು, ಒಬ್ಬರು ವ್ಯಾನಿನ ಸೂರು.
ನಡುವೆ ಒಂದು ಕಲ್ಲಂಗಡಿ ಇಟ್ಟೆವು.
ಅದು ಉರುಳದಿರಲೆಂದು
ಚಂದಾಪುರದ ತಿರುವಿನಲ್ಲಿ ಇಬ್ಬರೂ ಒಟ್ಟಿಗೆ ಕೈ ಚಾಚಿದರು.

ಮೆಟ್ಟಿಲಿಳಿದು ನೋಡಿದರೆ ಜಲಪಾತವೇ ಇಲ್ಲ.
ಫೆಬ್ರವರಿ. ಕರಿ ಬಂಡೆ, ಒಣ ಪಾಚಿ,
ತುದಿಯಿಂದ ಒಂದು ತೊಟ್ಟು. ತಡೆದು, ಇನ್ನೊಂದು.
"ಮುತ್ತಿದೆ, ಸರ ಇಲ್ಲ" ಅಂದರು ಕರುಣಾವತಿ ಟೀಚರ್.
ಆರು ವರ್ಷದ ಕೆಜಿಯಾ ಬುಟ್ಟಿಯಿಂದ ಸ್ಟೀಲ್ ಲೋಟ ತೆಗೆದು
ಸರಿಯಾಗಿ ತೊಟ್ಟಿನಡಿಗೆ ಇಟ್ಟಳು.
ಮಂಡಿನೋವಿನ ಇಬ್ಬರು ಮುದುಕರನ್ನು ಕರೆದು ಕಲ್ಲಿನ ಮೇಲೆ ಕೂರಿಸಿ
"ಮಂಗ ಬಂದ್ರೆ ಓಡಿಸಿ" ಎಂದು ಅಪ್ಪಣೆ ಕೊಟ್ಟು ಹೋದಳು.

ನಾವು ಆಚೆ ಲಗೋರಿ ಆಡಿದೆವು.
ಅಮ್ಮನವರ ಗುರಿ ಅಷ್ಟು ಖಚಿತ ಎಂದು ಯಾರಿಗೆ ಗೊತ್ತಿತ್ತು;
ಖಜಾಂಚಿಗಳ ಬೆನ್ನಿಗೇ ಎರಡು ಸಲ ಬಿತ್ತು ಚೆಂಡು.
ಮಂಗ ಬಂತು, ಲೋಟದ ಕಡೆಗಲ್ಲ,
ಅಯ್ಯನವರ ಟೋಪಿ ಕಿತ್ತುಕೊಂಡು ಕೊಂಬೆಯೇರಿತು.
ಅದಕ್ಕೇ ಚೆನ್ನಾಗಿ ಒಪ್ಪುತ್ತಿತ್ತು.

ಎರಡು ಗಂಟೆಯ ಮೇಲೆ ಫೋಟೋಗೆ ಕರೆಯಲು ಹೋದೆ.
"ನಿಮಿಷಕ್ಕೆ ಮೂವತ್ತೆಂಟು."
"ನಲವತ್ತೊಂದು. ನಾನು ವಾಚು ನೋಡೇ ಎಣಿಸಿದ್ದು."
"ನಿನ್ನ ವಾಚಿನದ್ದು ಯಾವಾಗಲೂ ಅವಸರ."
"ನಿನ್ನ ಕಿವಿ ಕೇಳಿಸಿದ್ದರೆ ತಾನೆ?"
ನಾಲ್ಕು ವರ್ಷದ ಮೇಲಿನ ಮೊದಲ ಮಾತುಗಳು.
ನಾನು ಬಂಡೆಯ ಮರೆಗೆ ಸರಿದೆ.

ಲೋಟ ತುಂಬಿ ಅಂಚಿನಲ್ಲಿ ನಡುಗುತ್ತಿತ್ತು.
ಕೆಜಿಯಾ ಒಂದು ಗುಟುಕು ಕುಡಿದು
"ಕಲ್ಲಿನ ರುಚಿ" ಎಂದು ಮುಖ ಸಿಂಡರಿಸಿ ಮಾವನಿಗೆ ಕೊಟ್ಟಳು.
ಮಾವ ಕುಡಿದು, ಅಂಚು ಒರೆಸಿ, ಪಕ್ಕಕ್ಕೆ ಚಾಚಿದರು.
ಅಯ್ಯನವರು ದೂರದಿಂದ ನೋಡಿದರು.
ಮಾರನೆಯ ಭಾನುವಾರದ ಪ್ರಸಂಗದಲ್ಲಿ
ಅದರ ಸುದ್ದಿ ಎತ್ತಲಿಲ್ಲ.
ಅವರ ಮೇಲೆ ನನಗೆ ಗೌರವ ಹೆಚ್ಚಿದ್ದು ಅದಕ್ಕೇ.

ಸಿಲ್ಕ್ ಬೋರ್ಡಿನಲ್ಲಿ ಐವತ್ತು ನಿಮಿಷ.
ಹಾಡು ಮುಗಿದು, ಚಕ್ಕುಲಿ ಮುಗಿದು, ಮಕ್ಕಳು ಮಗುಚಿ ಬಿದ್ದರು.
ಚಾಕು ಮರೆತಿದ್ದರಿಂದ ಕಲ್ಲಂಗಡಿ ಹೋದಂತೆಯೇ ಬಂತು;
ಅದರ ಮೇಲೆ ಎರಡು ಕೈ, ಎರಡೂ ಕಡೆ ಗೊರಕೆ.

ಗೇಟಿನ ಬಳಿ ಕತ್ತಲು.
ಮರವಿದ್ದ ಜಾಗದಲ್ಲಿ ಯಾರದೋ ಬಿಳಿ ಕಾರು.
ಅದನ್ನು ಸುತ್ತಿಕೊಂಡು ಹೋಗುತ್ತಾ ಧನಶೇಖರ್ ಅಂಕಲ್
ಹಿಂತಿರುಗಿ ನೋಡದೆಯೇ ಅಂದರು,
"ನಲವತ್ತೊಂದು."