ಎರಡು ಬೆರಳು ಜಾಗ

ಮಧುಗಿರಿಯಲ್ಲಿ ಚಿತ್ರ ಬರೆಯುವವರಿಗೆ
ಬೆಟ್ಟವೇ ತಾಪತ್ರಯ.
ಎಲ್ಲಿ ಕೂತರೂ ಬಂದು ನಿಲ್ಲುತ್ತದೆ ಬೆನ್ನಿಗೆ
ಒಂದೇ ಬಂಡೆ, ಒಂದೇ ಗೆರೆ.
ಆ ಗೆರೆ ಯಾರದೋ ನೆತ್ತಿಗೆ, ಕಿವಿಗೆ, ಕೊಡದ ಕಂಠಕ್ಕೆ
ಸವರಿಕೊಂಡೇ ಹಾಯುತ್ತದೆ.

ಪ್ಯಾರೇಜಾನ್ ಮೇಷ್ಟ್ರು ನನ್ನ ಮೊದಲ ಹಾಳೆಯನ್ನು
ದೂರ ಹಿಡಿದರು, ತಲೆಕೆಳಗು ಮಾಡಿದರು,
ಕಣ್ಣು ಕಿರಿದಾಗಿಸಿ ಕೇಳಿದರು:
"ನಿಮ್ಮಜ್ಜಿಗೆ ಕೋಡು ಯಾವಾಗ ಬಂತಮ್ಮ?"
ಅಜ್ಜಿಯ ಹಿಂದೆ ಲೈಟುಕಂಬವಿತ್ತು, ಅಷ್ಟೆ.
ನೆತ್ತಿ ಮುಗಿದಲ್ಲೇ ಕಂಬ ಶುರು.

"ಇದ್ದದ್ದನ್ನೇ ಬರೆದೆ ಸಾರ್."
"ಇದ್ದದ್ದು ಬೀದಿಯಲ್ಲಿರಲಿ.
ಹಾಯುವುದಾದರೆ ಧಾರಾಳವಾಗಿ ಹಾದು ಹೋಗು,
ಅರ್ಧ ಭುಜ ಮುಚ್ಚಿಹೋದರೂ ಚಿಂತೆಯಿಲ್ಲ.
ಇಲ್ಲವೇ ಎರಡು ಬೆರಳು ಜಾಗ ಬಿಡು, ಗಾಳಿಯಾಡಲಿ.
ತಗಲಿಯೂ ತಗಲದ ಹಾಗೆ ಇದೆಯಲ್ಲ,
ಅದು ಕಣ್ಣಿಗೆ ಸಿಬಿರು."

ಆ ವರ್ಷವೆಲ್ಲ ಸಿಬಿರು ಕೀಳುವುದೇ ಕೆಲಸ.
ನೀರಿನ ಟ್ಯಾಂಕಿನ ಮೇಲೆ ಇಡ್ಲಿಯಂತೆ ಕೂತ ಚಂದ್ರ,
ಹಾಳೆಯಂಚಿಗೆ ಬಾಲ ಅಂಟಿಸಿಕೊಂಡ ಮೇಕೆ.
ಅಂಚೂ ಒಂದು ಗೆರೆಯೇ ಎಂದು ತಿಳಿಯಲು
ಮೂರು ಮೇಕೆ ಹಾಳಾದವು.

ಆಮೇಲೆ ಬಂದರು ಎಣ್ಣೆ ಮಿಲ್ಲಿನ ಅಣ್ಣತಮ್ಮಂದಿರು,
ಈರಕ್ಯಾತಪ್ಪ, ಚಿಕ್ಕೀರಪ್ಪ. ಬೋರ್ಡು ಬೇಕಿತ್ತು.
ಮಿಲ್ಲು ಒಂದೇ, ಮಾತು ಬಿಟ್ಟು ಹನ್ನೊಂದು ವರ್ಷ.
ತಂದ ಫೋಟೋದಲ್ಲಿ
'ಇನ್ನೂ ಹತ್ತಿರ, ಇನ್ನೂ ಹತ್ತಿರ' ಎಂದು
ಯಾರೋ ತಳ್ಳಿದಷ್ಟು ಸರಿದು
ಅಂಗಿಗೆ ಅಂಗಿ ತಾಗಿದ ಕಡೆ
ಗಪ್ಪನೆ ನಿಂತಿದ್ದಾರೆ,
ಮೈಗೆ ಮೈ ಸೋಕದಂತೆ.

"ಒಬ್ಬರು ಮುಂದೆ ಬರಬೇಕು" ಎಂದರು ಮೇಷ್ಟ್ರು.
ಅಣ್ಣನ ಭುಜ ಮುಂದೆ ಬಂದರೆ ತಮ್ಮ ಕುರ್ಚಿಯಿಂದೆದ್ದ.
ತಮ್ಮನದು ಬಂದರೆ ಅಣ್ಣನಿಗೆ ಕೆಮ್ಮು.
ನಡುವೆ ಜಾಗ ಬಿಟ್ಟರೆ ಬೆಟ್ಟ ನುಗ್ಗಿತು, ಚೆನ್ನಾಗೇ ಇತ್ತು,
ಆದರೆ ಮನೆ ಹೆಂಗಸರಿಗೆ ಒಪ್ಪಿಗೆಯಿಲ್ಲ:
ಒಳಗಿನ ಬಿರುಕಿಗೆ ಬಣ್ಣ ಬಳಿದು
ಬೀದಿಗೆ ತೂಗುಹಾಕುವುದೆ?

ಮೇಷ್ಟ್ರು ಬೀಡಿ ಹಚ್ಚಿದರು. ಆರಿತು. ಮತ್ತೆ ಹಚ್ಚಿದರು.
"ನಿಮ್ಮಪ್ಪನ ಗಾಣಕ್ಕೆ ಒಂದು ಕೌಲೆತ್ತು ಇತ್ತಲ್ಲ?"
ಇಬ್ಬರ ಭುಜವನ್ನೂ ಮುಚ್ಚುವಂತೆ
ಅಗಲ ಹಣೆಯ ಎತ್ತೊಂದು ನಡುವೆ ಮೂತಿ ತೂರಿತು.

"ಎಡಗೋಡು ಮುರಿದಿತ್ತು" ಅಂದ ತಮ್ಮ, ಗೋಡೆಗೆ.
"ಬಲಗೋಡು" ಅಂದ ಅಣ್ಣ, ಗೋಡೆಗೇ.
"ಎಡ ಕಣಯ್ಯ, ನಾನು ಎಣ್ಣೆ ಹಚ್ಚುತ್ತಿದ್ದೆ!"
"ನೀನು ಹುಟ್ಟೋಕೆ ಮುಂಚೆ ಮುರಿದದ್ದು ಕಣೋ, ಬಾವಿ ಕಟ್ಟೆಗೆ ಗುದ್ದಿ!"
ಗೋಡೆಗೆ ಆಡಿದ ಮಾತು ಯಾವಾಗ
ಎದುರಾಎದುರು ತಿರುಗಿತೋ ಕಾಣೆ.
ನಾನು ಡಬ್ಬಿಯಲ್ಲಿ ಬಣ್ಣ ಕಲಕುತ್ತಲೇ ಇದ್ದೆ,
ಕೆನೆಗಟ್ಟುವವರೆಗೂ.

ಜಗಳ ತೀರಲಿಲ್ಲ. ಇವತ್ತಿಗೂ ತೀರಿಲ್ಲ.
ಮೇಷ್ಟ್ರು ಎರಡೂ ಕೋಡು ನೀಟಾಗಿ ಎತ್ತಿ
'ಎಣ್ಣೆ'ಯ ಒತ್ತಕ್ಷರವನ್ನು ಕೆಳಗಿಳಿಸಿ
ಒಂದರ ತುದಿ ಮುಚ್ಚಿಬಿಟ್ಟರು.
ತಾಗಿಸಿದ್ದಲ್ಲ, ಪೂರಾ ಮುಚ್ಚಿದ್ದು.
ಮುರಿದಿದೆ ಅಂದುಕೊಂಡರೆ ಮುರಿದಿದೆ.

ಈಗ ಮೇಷ್ಟ್ರಿಲ್ಲ. ಬಿಸಿಲಿಗೆ ತಮ್ಮನ ಮುಖ ಬಿಳುಚಿದೆ,
ಎತ್ತು ಮಾತ್ರ ಗಟ್ಟಿ.
ಬಸ್ ಸ್ಟ್ಯಾಂಡಿನ ಬಳಿ ಇಳಿದು ತಲೆಯೆತ್ತಿದರೆ
ಬೋರ್ಡಿನ ಮೇಲಂಚು
ನಿಜವಾದ ಬೆಟ್ಟದ ನೆತ್ತಿಗೆ
ಕೂದಲೆಳೆಯಷ್ಟೂ ತಪ್ಪದೆ ತಗಲಿ ನಿಲ್ಲುತ್ತದೆ.
ಇಡೀ ಊರಲ್ಲಿ ಇದು ಯಾರ ಕಣ್ಣಿಗೂ ಚುಚ್ಚುವುದಿಲ್ಲ.

ಬ್ಯಾಗು ಹೆಗಲಿಗೇರಿಸಿಕೊಂಡು
ಎರಡು ಹೆಜ್ಜೆ ಪಕ್ಕಕ್ಕೆ ಸರಿಯುತ್ತೇನೆ.