ಕೊನೆಯ ಬಸ್ಸು

ಆದೋನಿಯ ಟಾಕೀಸಿನಲ್ಲಿ ಸಂಜೆ ಆಟ ಆರೂವರೆಗೆ.
ನಮ್ಮೂರಿನ ಕೊನೆಯ ಬಸ್ಸು ಒಂಬತ್ತಕ್ಕೆ.
ಇವೆರಡರ ನಡುವೆ
ಯಾವ ಸಿನಿಮಾವೂ ಮುಗಿಯುತ್ತಿರಲಿಲ್ಲ.

ಹತ್ತಿ ಮಿಲ್ಲಿನಿಂದ ನೇರ ಬರುತ್ತಿದ್ದಳು ಹುಲಿಗೆಮ್ಮ ಚಿಕ್ಕವ್ವ.
ಹುಬ್ಬಿನ ಮೇಲೆ, ಓಲೆಯ ತಿರುಪಿನಲ್ಲಿ ಅರಳೆಯ ಎಳೆ,
ಶನಿವಾರದ ಬಟವಾಡೆ ಕುಪ್ಪಸದೊಳಗೆ.
ನೆಲದ ಟಿಕೀಟು ಎರಡು, ಹುರಿಗಡಲೆ ಒಂದು ಪೊಟ್ಟಣ.
ಮಿಲ್ಲಿನ ತೆಲುಗು ಅವಳಿಗೆ ಬರುತ್ತಿತ್ತು:
ಬೈಗುಳ, ಲೆಕ್ಕ, ಬೇಗ ಬಾ, ನಾಳೆ ಬರಬೇಡ.
ಸಿನಿಮಾದ ತೆಲುಗು ಬೇರೆ. ಅದನ್ನು ನಾನು
ಕತ್ತಲಲ್ಲಿ ಕನ್ನಡ ಮಾಡಿ ಅವಳ ಕಿವಿಗೆ ಸುರಿಯುತ್ತಿದ್ದೆ.
"ಸುಮ್ಕಿರು, ಅಳೋದು ಗೊತ್ತಾಗ್ತದ" ಅನ್ನುವಳು ಒಮ್ಮೊಮ್ಮೆ.

ವಾಚಿರಲಿಲ್ಲ ನಮ್ಮ ಹತ್ತಿರ.
ಹಿಂದಿನ ಗೋಡೆಯಾಚೆ ರಾಯಚೂರಿನ ರೈಲು ಕೂಗಿತೋ,
ಮೊಣಕಾಲಿಗೆ ತಟ್ಟುವಳು.
ನಾಯಕ ಕಂಬಕ್ಕೆ ಕಟ್ಟಿಸಿಕೊಂಡಿರುತ್ತಿದ್ದ,
ಖಳ ಇನ್ನೂ ನಗುತ್ತಲೇ ಇರುತ್ತಿದ್ದ.
ಚಪ್ಪಲಿ ಕೈಯಲ್ಲಿ ಹಿಡಿದು ಬಗ್ಗಿ ನಡೆದರೂ
ನಮ್ಮ ಎರಡು ತಲೆಗಳ ನೆರಳು
ಅವನ ಹೊಟ್ಟೆಯ ಮೇಲೆ ಹಾದುಹೋಗುತ್ತಿತ್ತು.
ಬೀದಿಯ ತಿರುವಿನ ತನಕ ಬೆನ್ನಿಗೆ ಢಿಶುಂ ಢಿಶುಂ.

ಬಸ್ಸಿನಲ್ಲಿ ಕಂಡಕ್ಟರ್ ಖಾಜಾ ಕೇಳುತ್ತಿದ್ದ,
"ಕೊನಿಗೆ ಏನಾತವ್ವ?"
ಅವನೂ ಯಾವ ಕೊನೆಯನ್ನೂ ಕಂಡವನಲ್ಲ.
ಚಿಕ್ಕವ್ವ ಶುರು ಮಾಡುವಳು.
ಹಗ್ಗ ಹಳೇದು, ತಾನೇ ಹರಿಯಿತು.
ಖಳನ ಹೆತ್ತ ತಾಯಿ ಹೊಲದಿಂದ ಬಂದಳು, ಕೈಯಲ್ಲಿ ಬಾರುಕೋಲು.
ಗುಂಡು? ಬಿತ್ತು, ಊಟದ ಡಬ್ಬಿಗೆ ಬಿತ್ತು,
ಸಾರು ಚೆಲ್ಲಿತು ಅಷ್ಟೆ.
ನಿದ್ದೆ ಹೋದವರು ಕಣ್ಣು ಬಿಡುತ್ತಿದ್ದರು.
ಹೊಳಗುಂದಿ ಕ್ರಾಸು ಬರುವುದರೊಳಗೆ
ಎಲ್ಲರೂ ಬದುಕಿ, ಎಲ್ಲರದೂ ಊಟ ಆಗಿರುತ್ತಿತ್ತು.

ಒಂದು ಸಲ ಮಾತ್ರ
ರೈಲು ಇನ್ನೂ ಕೂಗಿರಲಿಲ್ಲ.
ಮಧ್ಯಂತರ ಮುಗಿದು ಹತ್ತು ನಿಮಿಷ.
ಗಂಡನ ಮನೆಯ ಬಾಗಿಲಲ್ಲಿ ಒಬ್ಬಳು, ತುಟಿ ಒಡೆದಿದೆ,
ಅವಳಪ್ಪ ಏನೋ ಹೇಳುತ್ತಿದ್ದಾನೆ, ಮೆಲ್ಲಗೆ.
ಕನ್ನಡ ಮಾಡಲೆಂದು ನಾನು ಬಾಯಿ ತೆರೆದೆ.
ಚಿಕ್ಕವ್ವ ಎದ್ದಳು. ಬಗ್ಗಲಿಲ್ಲ.
ಆ ಮನೆ, ಆ ಬಾಗಿಲು, ಆ ಅಪ್ಪನ ಮೇಲೆ
ಅವಳ ನೆರಳು ಪೂರ್ತಿ ಬಿತ್ತು, ತಲೆಯಿಂದ ನಡುವಿನವರೆಗೆ,
ಹಿಂದಿನವರು "ಕೂಚೋ, ಕೂಚೋ" ಎಂದು ಕೂಗಿದರು.

ಬಸ್‌ಸ್ಟ್ಯಾಂಡಿನಲ್ಲಿ ಒಂದು ತಾಸಿಗೂ ಮೇಲೆ ಕೂತೆವು.
ನನಗೆ ಮಿರ್ಚಿ ಕೊಡಿಸಿದಳು, ತಾನು ತಿನ್ನಲಿಲ್ಲ.
ಕೂದಲಿನ ಅರಳೆ ಹೆಕ್ಕಿ ಹೆಕ್ಕಿ
ತೊಡೆಯ ಮೇಲೆ ಬತ್ತಿ ಹೊಸೆದಳು,
ದೀಪವಿಲ್ಲದ ಬತ್ತಿ, ಏಳೋ ಎಂಟೋ.
ಖಾಜಾ ಕೇಳಿದ. "ನೋಡ್ಲಿಲ್ಲಪ್ಪ" ಅಂದಳು.
ಅವತ್ತು ಬಸ್ಸಿನವರೆಲ್ಲ ನಿದ್ದೆ ಮಾಡಿದರು.

ನನಗಾಗ ಒಂಬತ್ತು ವರ್ಷ.
ಸಿರುಗುಪ್ಪ ಅಂದರೆ ಭತ್ತದ ಸೀಮೆ, ಅಷ್ಟೇ ಗೊತ್ತು.
ಅಲ್ಲಿಂದ ಅವಳು ಒಂದು ರಾತ್ರಿ ಬಂದದ್ದು,
ಬಸ್ಸಿನ ದುಡ್ಡಿಗೆ ಮೂಗುತಿ ಬಿಚ್ಚಿಕೊಟ್ಟದ್ದು,
ಅದನ್ನು ಯಾರೂ ನನಗೆ
ಕನ್ನಡ ಮಾಡಿ ಹೇಳಿರಲಿಲ್ಲ.

ಹೋದ ವಾರ ಗುಂತಕಲ್ಲಿನ ನನ್ನ ಬಾಡಿಗೆ ಕೋಣೆಯಲ್ಲಿ
ಮಧ್ಯಾಹ್ನದ ಟೀವಿಯೊಳಗೆ ಆ ಬಾಗಿಲು ಕಂಡಿತು.
ಗುರುತು ಹತ್ತಿತು. ಈ ಸಲ ಎದ್ದು ಹೋಗಲಿಲ್ಲ.
ಕೊನೆಗೆ ಅವಳು ಒಳಗೇ ಹೋದಳು.
ಗಂಡನಿಗೆ ಕಾಯಿಲೆ, ಇವಳ ಕೈಯಲ್ಲಿ ಗಂಜಿ.
ಎಲ್ಲರೂ ಸಾಲಾಗಿ ನಿಂತು ನಕ್ಕರು,
ಶುಭಂ ಅಂತ ಬಂತು, ಅದರ ಮೇಲೇ
ಬಟ್ಟೆ ಸೋಪಿನ ಜಾಹೀರಾತು ಬಂತು.
ಚಿಕ್ಕವ್ವನಿಗೆ ಆಗಲೇ ಗೊತ್ತಿತ್ತು, ನೋಡದೇ.

ಫೋನ್ ಮಾಡಿದೆ. ಈಗ ಕಿವಿ ಮಂದ, ಕೂಗಬೇಕು.
"ಯಾವ್ದು?" ಅಂದಳು. ಹೇಳಿದೆ.
ಗಿರಣಿಯ ಸದ್ದೋ, ಉಸಿರೋ, ಸ್ವಲ್ಪ ಹೊತ್ತು ಅದೇ.
ಆಮೇಲೆ, ಖಾಜಾ ಕೇಳಿದ ಹಾಗೆಯೇ,
"ಕೊನಿಗೆ ಏನಾತು?"

"ಬಸ್ಸು ಸಿಕ್ತು ಆಕಿಗೆ" ಅಂದೆ.
"ಸೀಟು?"
"ಸೀಟೂ ಸಿಕ್ತು."
"ಕಿಟಕಿ ಕಡೀದೇನು?"